ಗ್ಲುಟಾಥಯೋನ್‌ಗಾಗಿ ಯೀಸ್ಟ್ ಬೆಳೆಸುವಾಗ ಸರ್ಫ್ಯಾಕ್ಟಂಟ್ ಬಳಸುವ ಕ್ರಮ

ಗ್ಲುಟಮೇಟ್, ಸಿಸ್ಟೀನ್ ಮತ್ತು ಗ್ಲೈಸಿನ್ ಎಂಬ ಅಮೈನೊ ಆಮ್ಲಗಳು ಸೇರಿ ಆಗುವ ಗ್ಲುಟಾಥಯೋನ್ ಯೀಸ್ಟಿನ ಜೀವಕೋಶದೊಳಗೇ ಸಂಗ್ರಹವಾಗುವುದರಿಂದ, ಕೋಶಪೊರೆಯನ್ನು ತುಸು ಸಡಿಲಿಸಿ ಅದನ್ನು ಹೊರಬರುವಂತೆ ಮಾಡುವುದೇ ಸರ್ಫ್ಯಾಕ್ಟಂಟಿನ (ಸೋಪಿನಂತೆ ಮೇಲ್ಮೈ ಸೆಳೆತವನ್ನು ತಗ್ಗಿಸುವ ವಸ್ತುವಿನ) ಕೆಲಸ. ಇಂಥ ಸರ್ಫ್ಯಾಕ್ಟಂಟ್‌ಗಳಲ್ಲಿ ಟ್ವೀನ್ 80 ಸೌಮ್ಯವಾದುದು. ಎಸ್‌ಡಿಎಸ್ (ಸೋಡಿಯಂ ಡೊಡೆಸಿಲ್ ಸಲ್ಫೇಟ್) ಮತ್ತು ಸಿಟಿಎಬಿ (ಸಿಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ಪ್ರಬಲವಾದವು, ಪ್ರಮಾಣ ಮೀರಿದರೆ ಕೋಶಗಳನ್ನೇ ಕೊಲ್ಲುತ್ತವೆ.

ಕೋಲಾರದ ಕಾಲೇಜು ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಮೊದಲು ನೀರಿನತ್ತ ಗಮನ ಕೊಡಬೇಕು. ಗಡಸಾದ ಕೊಳವೆಬಾವಿ ನೀರಿನ ಕ್ಯಾಲ್ಸಿಯಂ, ಸೋಪನ್ನು ಕೆನೆಗಟ್ಟಿಸುವಂತೆಯೇ, ಎಸ್‌ಡಿಎಸ್ ಅನ್ನೂ ಬಿಳಿ ಗಸಿಯಾಗಿಸಬಲ್ಲದು; ಪೊಟ್ಯಾಸಿಯಂ ಲವಣದ ಗಾಢ ದ್ರಾವಣವೂ ಅಷ್ಟೇ. ಆದ್ದರಿಂದ ಸರ್ಫ್ಯಾಕ್ಟಂಟಿನ ಮೂಲ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲೇ ತಯಾರಿಸಿರಿ.

250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ. ಮಾಧ್ಯಮವಿಟ್ಟು (ಯೀಸ್ಟ್ ಬೆಳೆಯುವ ಪೋಷಕ ದ್ರವ), 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ ಬೆಳೆಸಿರಿ. ಸರ್ಫ್ಯಾಕ್ಟಂಟನ್ನು ಆರಂಭದಲ್ಲೇ ಸುರಿದರೆ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ. ಬೆಳವಣಿಗೆ ನಿಧಾನಗೊಳ್ಳುವ ಹಂತದಲ್ಲಿ, ಲೀಟರಿಗೆ 0.05ರಿಂದ 0.5 ಗ್ರಾಂವರೆಗಿನ ಹಲವು ಪ್ರಮಾಣಗಳನ್ನು, ಏನನ್ನೂ ಬೆರೆಸದ ಒಂದು ಫ್ಲಾಸ್ಕಿನೊಂದಿಗೆ ಹೋಲಿಸಿ ನೋಡುವುದು ಲೇಸು. ನೊರೆ ಉಕ್ಕಿ ಹತ್ತಿಯ ಬಿರಡೆಯನ್ನು ತೋಯಿಸದಂತೆ ಎಚ್ಚರವಹಿಸಿರಿ.

ಬೆಳವಣಿಗೆಯನ್ನು ದ್ರವದ ಕದಡಿದ ಮಬ್ಬಿನ ಬದಲು ಒಣಗಿಸಿದ ಕೋಶಗಳ ತೂಕದಿಂದ ಅಳೆಯುವುದು ನನ್ನ ಮಟ್ಟಿಗೆ ಹೆಚ್ಚು ವಿಶ್ವಾಸಾರ್ಹ. ಗ್ಲುಟಾಥಯೋನನ್ನು ಡಿಟಿಎನ್‌ಬಿ (ಗ್ಲುಟಾಥಯೋನ್ ಜೊತೆ ಸೇರಿ ಹಳದಿ ಬಣ್ಣ ಕೊಡುವ ರಾಸಾಯನಿಕ) ಬೆರೆಸಿ 412 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ, ಕೋಶದೊಳಗಿನದನ್ನೂ ದ್ರವದಲ್ಲಿರುವುದನ್ನೂ ಬೇರೆಬೇರೆಯಾಗಿ ಅಳೆಯಿರಿ: ಎರಡರ ಮೊತ್ತ ಹೆಚ್ಚಿದರೆ ಮಾತ್ರ ಉತ್ಪಾದನೆ ಹೆಚ್ಚಿದಂತೆ, ಇಲ್ಲವಾದರೆ ಅದು ಬರಿಯ ಸೋರಿಕೆ. ಮಾಧ್ಯಮಕ್ಕೆ ಸಿಸ್ಟೀನ್ ಸೇರಿಸಿದ್ದರೆ ಅದೂ ಇದೇ ಹಳದಿ ಬಣ್ಣ ಕೊಡುತ್ತದೆ.