‘ಮದುವೆಗೆ ಎಷ್ಟು ತಗೋತೀರಾ?’: ಊರಿನ ಸ್ಟುಡಿಯೊಗೆ ಗಿರಾಕಿ ಬರುವಂತೆ ಮಾಡುವುದು ಹೇಗೆ

ತಾಲ್ಲೂಕು ಕೇಂದ್ರದ ಫೋಟೊ ಸ್ಟುಡಿಯೊಗಳಲ್ಲಿ ‘ಆರ್ಡರ್ ಬರ್ತಿಲ್ಲ’ ಎಂಬ ಮಾತು ಸಾಮಾನ್ಯ. ಆದರೆ ಬಹಳ ಕಡೆ ಫೋನ್ ಬರುತ್ತದೆ, ಬುಕಿಂಗ್ ಆಗುವುದಿಲ್ಲ ಅಷ್ಟೆ. ಜಾಹೀರಾತಿಗೆ ದುಡ್ಡು ಸುರಿಯುವ ಮುನ್ನ ಕೆಳಗಿನ ಮೂರನೇ ಹಂತವನ್ನು, ಅಂದರೆ ದರ ಹೇಳುವ ರೀತಿಯನ್ನು, ಸರಿಪಡಿಸಿಕೊಳ್ಳಿ.

ಹಂತ 1: ಗೂಗಲ್ ಮ್ಯಾಪ್‌ನಲ್ಲಿ ಕಾಣಿಸಿಕೊಳ್ಳಿ
ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಬೋರ್ಡ್ ಮೇಲಿರುವ ಹೆಸರನ್ನೇ ಹಾಕಿ. ಹೆಸರಿನ ಮುಂದೆ ‘ಬೆಸ್ಟ್ ವೆಡ್ಡಿಂಗ್ ಫೋಟೊಗ್ರಾಫರ್’ ಎಂದು ಬಾಲ ಹಚ್ಚಿದರೆ ನಿಯಮ ಮೀರಿದಂತಾಗುತ್ತದೆ, ಪ್ರೊಫೈಲ್ ಅಮಾನತಾಗಲೂಬಹುದು. ಪರಿಶೀಲನೆಗೆ ವಿಡಿಯೊ ಕೇಳಿದರೆ ಬೀದಿ, ಬೋರ್ಡ್, ಷಟರ್ ತೆಗೆಯುವುದು, ಒಳಗಿನ ಲೈಟು–ಕ್ಯಾಮೆರಾ ಎಲ್ಲವನ್ನೂ ಒಂದೇ ಓಟದಲ್ಲಿ ತೆಗೆಯಿರಿ.

ಹಂತ 2: ಒಂದು ಪೂರ್ತಿ ಮದುವೆ ತೋರಿಸಿ
ಬೇರೆ ಬೇರೆ ಮದುವೆಗಳಿಂದ ಆಯ್ದ ಇಪ್ಪತ್ತು ಚಂದದ ಚಿತ್ರಗಳಿಗಿಂತ, ಚಪ್ಪರದಿಂದ ಬೀಗರ ಊಟದವರೆಗಿನ ಒಂದೇ ಆಲ್ಬಂ ಹೆಚ್ಚು ಕೆಲಸ ತರುತ್ತದೆ. ಧಾರೆಯ ಹೊತ್ತಿನ ನೂಕುನುಗ್ಗಲಲ್ಲಿ ನೀವು ಎಲ್ಲಿ ನಿಂತಿದ್ದಿರಿ, ಛತ್ರದ ಬಣ್ಣದ ಎಲ್‌ಇಡಿ ಬೆಳಕಲ್ಲಿ ಮುಖದ ಬಣ್ಣ ಹೇಗೆ ಬಂದಿದೆ ಎಂಬುದು ಅದರಲ್ಲಿ ಮಾತ್ರ ತಿಳಿಯುತ್ತದೆ. ಆ ಮನೆಯವರ ಒಪ್ಪಿಗೆ ಪಡೆದೇ ಇಡಿ. ಫೋಟೊಗ್ರಫಿ ಕಲಿಸುವ ವರ್ಕ್‌ಶಾಪ್‌ನಲ್ಲಿ ಮಾಡೆಲ್ ನಿಲ್ಲಿಸಿ ತೆಗೆದ ಚಿತ್ರಗಳನ್ನು ಮದುವೆ ಎಂದು ತೋರಿಸಬೇಡಿ, ಅದು ಮೋಸ. ಆಲ್ಬಂ ಇಡಬೇಕಾದ್ದು ಗಾಜಿನ ಕಪಾಟಿನಲ್ಲಲ್ಲ, ಪಾಸ್‌ಪೋರ್ಟ್ ಫೋಟೊಗೆ ಬಂದವರು ಕಾಯುವ ಬೆಂಚಿನ ಮೇಲೆ. ನಾಳೆ ನಾಮಕರಣಕ್ಕೆ ಕರೆಯುವವರು ಅವರೇ.

ಹಂತ 3: ದರ ಹೇಳುವುದು
ಕೆಲಸ ಕೆಡುವುದು ಇಲ್ಲೇ. ‘ಎಷ್ಟು ತಗೋತೀರಾ?’ ಎಂದ ಕೂಡಲೇ ಸ್ಟುಡಿಯೊದವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಅಂಕಿ ಕಳಿಸಿಬಿಡುತ್ತಾರೆ. ಕೇಳಿದವರ ಕೈಯಲ್ಲಿ ಇನ್ನೂ ನಾಲ್ಕು ಅಂಕಿಗಳಿರುತ್ತವೆ. ಅವುಗಳಲ್ಲಿ ಯಾವುದರಲ್ಲಿ ಏನೇನು ಸೇರಿದೆ ಎಂದು ಗೊತ್ತಿಲ್ಲದಿದ್ದರೆ ಕಡಿಮೆಯದನ್ನೇ ಆರಿಸುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಫೋನ್‌ನಲ್ಲಿ ದರಕ್ಕಿಂತ ಮೊದಲು ಈ ಕ್ರಮದಲ್ಲಿ ಕೇಳಿ: ತಾರೀಖು, ಛತ್ರ ಯಾವುದು, ಮುಹೂರ್ತ ಎಷ್ಟು ಗಂಟೆಗೆ, ಆರತಕ್ಷತೆ ಹಿಂದಿನ ಸಂಜೆಯೋ ಅದೇ ದಿನವೋ, ಅರಿಶಿನ ಶಾಸ್ತ್ರ ಮನೆಯಲ್ಲೋ ಛತ್ರದಲ್ಲೋ, ಎರಡೂ ಕಡೆಯವರಿಗೆ ಸೇರಿಸಿ ಒಬ್ಬರೇ ಫೋಟೊಗ್ರಾಫರೋ. ಕೊನೆಯ ಪ್ರಶ್ನೆ ಬಿಟ್ಟರೆ ವೇದಿಕೆಯ ಮೇಲೆ ಎರಡು ತಂಡ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ. ತಾರೀಖು ಖಾಲಿ ಇಲ್ಲದಿದ್ದರೆ ಆಗಲೇ ಹೇಳಿ, ನಂಬುವ ಇನ್ನೊಬ್ಬರ ಹೆಸರು ಕೊಡಿ. ನಂತರ ಸ್ಟುಡಿಯೊಗೆ ಬಂದು ಆಲ್ಬಂ ನೋಡಲು ಕರೆಯಿರಿ.

ಅದೇ ದಿನ ಸಂಜೆಯೊಳಗೆ ಕನ್ನಡದಲ್ಲೇ ಒಂದು ಪುಟದ ಪಿಡಿಎಫ್ ಕೊಟೇಷನ್ ಕಳಿಸಿ. ಅದರಲ್ಲಿ ಇರಬೇಕಾದ್ದು: ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ; ಎಷ್ಟು ಜನ (ನಿಲ್ಲಿಸಿ ತೆಗೆಯುವ ಟ್ರೆಡಿಷನಲ್ ಫೋಟೊಗೆ ಒಬ್ಬರು, ವಿಡಿಯೊಗೆ ಒಬ್ಬರು, ಸಹಜ ಕ್ಷಣಗಳನ್ನು ಹಿಡಿಯುವ ಕ್ಯಾಂಡಿಡ್‌ಗೆ ಒಬ್ಬರು ಎಂದು ಬಿಡಿಸಿ); ಆಲ್ಬಂ ಅಳತೆ, ಉದಾಹರಣೆಗೆ 12×36 ಇಂಚು, 40 ಶೀಟ್ ಅಂದರೆ 80 ಪುಟ. ಶೀಟು–ಪುಟಗಳ ಗೊಂದಲದಿಂದ ಆಗುವ ಜಗಳಕ್ಕೆ ಲೆಕ್ಕವಿಲ್ಲ, ಎರಡನ್ನೂ ಬರೆಯಿರಿ. ಹೆಚ್ಚುವರಿ ಶೀಟಿಗೆ ಎಷ್ಟು, ಹೊರ ಊರಾದರೆ ಗಾಡಿ ಖರ್ಚು ಯಾರದು, ಡ್ರೋನ್ ಸೇರಿದೆಯೋ ಇಲ್ಲವೋ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಮೂರಕ್ಕಿಂತ ಹೆಚ್ಚು ಪ್ಯಾಕೇಜ್ ಬೇಡ.

ಹಣವನ್ನು ಹೀಗೆ ಹಂಚಿ: ತಾರೀಖು ಹಿಡಿಯಲು ಶೇ 30, ಮದುವೆಯ ದಿನ ಶೇ 50, ಉಳಿದ ಶೇ 20 ಆಲ್ಬಂ ಕೊಡುವಾಗ. ಜೊತೆಗೆ ‘ಫೋಟೊ ಸೆಲೆಕ್ಷನ್ 30 ದಿನದೊಳಗೆ ಕೊಡಬೇಕು, ಕೊಟ್ಟ 45 ದಿನಕ್ಕೆ ಆಲ್ಬಂ’ ಎಂಬ ಸಾಲು ಕಡ್ಡಾಯ. ಈ ಸಾಲಿಲ್ಲದೆ ಮನೆಯವರು ಆರು ತಿಂಗಳು ಫೋಟೊ ಆರಿಸದೆ ಕೂತರೂ ಊರಲ್ಲಿ ಕೆಡುವುದು ನಿಮ್ಮ ಹೆಸರು. ಅಡ್ವಾನ್ಸ್ ಇಲ್ಲದೆ ತಾರೀಖು ಹಿಡಿದಿಡಬೇಡಿ. ಕೊಟೇಷನ್ ಕಳಿಸಿ ಮೂರು ದಿನ ಬಿಟ್ಟು ಒಮ್ಮೆ ಫೋನ್ ಮಾಡಿ, ಆಮೇಲೆ ಸುಮ್ಮನಿರಿ. ದರ ಜಾಸ್ತಿ ಎಂದರೆ ಏನನ್ನಾದರೂ ತೆಗೆದು ದರ ಇಳಿಸಿ, ಹಾಗೆಯೇ ಇಳಿಸಬೇಡಿ. ಹಾಗೆ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳೆಂದು ನೀವೇ ಒಪ್ಪಿದ ಹಾಗೆ.

ಹಂತ 4: ಛತ್ರದವರ ಬಳಗ
ಛತ್ರದ ಮ್ಯಾನೇಜರ್, ಮಂಟಪ ಅಲಂಕಾರದವರು, ಬ್ಯೂಟಿಷಿಯನ್: ಗಿರಾಕಿ ಕಳಿಸುವವರು ಇವರೇ. ಕಮಿಷನ್ ಕೊಡಬೇಡಿ, ಅದು ಕೊನೆಗೆ ಗಿರಾಕಿಯ ತಲೆಗೇ ಬೀಳುತ್ತದೆ. ಬದಲಿಗೆ, ಜನ ಬರುವ ಮುಂಚೆ ಖಾಲಿ ಮಂಟಪದ ನಾಲ್ಕು ಫ್ರೇಮ್ ತೆಗೆದು ಮರುದಿನವೇ ಅಲಂಕಾರದವರಿಗೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಅವರು ಅದನ್ನು ಹಾಕಿಕೊಳ್ಳುವಾಗ ನಿಮ್ಮ ಹೆಸರನ್ನೂ ಹಾಕಲಿ ಎಂದು ಕೇಳಿ. ಒಂದೇ ಗಿರಾಕಿಯ ನಂಬರನ್ನು ಹಲವರಿಗೆ ಮಾರುವ ಆ್ಯಪ್‌ಗಳಿಗೂ, ದುಡ್ಡಿಗೆ ಸಿಗುವ ಇನ್‌ಸ್ಟಾಗ್ರಾಂ ಫಾಲೋವರ್‌ಗಳಿಗೂ ಒಂದು ರೂಪಾಯಿ ಹಾಕಬೇಡಿ.

ಹಂತ 5: ರಿವ್ಯೂ ಕೇಳುವ ಹೊತ್ತು
ಮನೆಯವರು ಆಲ್ಬಂ ತೆರೆದು ಅಜ್ಜಿ–ತಾತನ ಫೋಟೊ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿರುವಾಗಲೇ ಕ್ಯೂಆರ್ ಕೋಡ್ ಕೊಟ್ಟು ಗೂಗಲ್ ರಿವ್ಯೂ ಕೇಳಿ. ಛತ್ರದ ಹೆಸರು, ಊರು ಸೇರಿಸಿ ಕನ್ನಡದಲ್ಲಿ ಎರಡು ಸಾಲು ಬರೆದರೆ ಸಾಕು. ರಿವ್ಯೂಗೆ ರಿಯಾಯಿತಿ ಕೊಡುವುದನ್ನು ಗೂಗಲ್ ಒಪ್ಪುವುದಿಲ್ಲ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಬಾಕಿ ಆಲ್ಬಂಗಳನ್ನು ಆ ತಿಂಗಳಲ್ಲಿ ಮುಗಿಸಿ, ಕೊಟೇಷನ್‌ನ ದರಗಳನ್ನು ಆಗಲೇ ಪರಿಷ್ಕರಿಸಿ. ಶ್ರಾವಣದ ಗೃಹಪ್ರವೇಶಗಳ ಫೋನ್ ಬರುವ ಹೊತ್ತಿಗೆ ಹೊಸ ಪಿಡಿಎಫ್ ಮೊಬೈಲ್‌ನಲ್ಲಿ ಸಿದ್ಧವಿರಲಿ.