ಹೊಗಳಿಕೆ ಇಲ್ಲದ ಅಭಿನಂದನಾ ಗ್ರಂಥ: ನನ್ನ ಅನುಭವ

ಕೊಪ್ಪಳ ಕಡೆಯ ನಮ್ಮ ಅಕ್ಕನವರು ಮೊದಲು ವಿಧಾನಸಭೆ, ಆಮೇಲೆ ಪರಿಷತ್ತು ಅಂತ ಎರಡೂ ಕಡೆ ಇದ್ದವರು. ಅವರು ನಿವೃತ್ತರಾಗುವಾಗ ಅಭಿನಂದನಾ ಗ್ರಂಥದ ಕೆಲಸ ನನ್ನ ಕೊರಳಿಗೆ ಬಿತ್ತು. ಈ ಕೆಲಸ ಮಾಡಿದವರಿಗೆ ಗೊತ್ತು, ಬರುವ ಲೇಖನಗಳಲ್ಲಿ ಮುಕ್ಕಾಲು ಭಾಗ 'ಅವರ ಸರಳತೆ' ಅಂತಲೇ ಶುರುವಾಗುತ್ತವೆ. ಲೇಖನವೇ ಬೇಡ ಅಂದೆ. ಸದನದಲ್ಲಿ ಅವರು ಕೇಳಿದ ಪ್ರಶ್ನೆ, ಮಂತ್ರಿಗಳ ಉತ್ತರ, ಆಮೇಲೆ ಊರಲ್ಲಿ ಏನಾಯಿತು, ಇಷ್ಟೇ ಪುಸ್ತಕ. 'ಚುಕ್ಕೆ ಗುರುತಿನ ಪ್ರಶ್ನೆ ಯಾರ್ ಓದ್ತಾರ್ರೀ?' ಅಂತ ಸಮಿತಿಯವರು ನಕ್ಕರು. ಚುಕ್ಕೆ ಗುರುತಿನದು ಅಂದರೆ ಮಂತ್ರಿಗಳು ಸದನದಲ್ಲೇ ಎದ್ದು ಬಾಯಿಮಾತಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ.

ಮೊದಲು ಕೈಕೊಟ್ಟಿದ್ದು ಓಸಿಆರ್, ಅಂದರೆ ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ. ಹಳೆಯ ಕಲಾಪದ ಸಂಪುಟಗಳು ಅಚ್ಚುಮೊಳೆ ಕಾಲದವು, ಒತ್ತಕ್ಷರ ಎಲ್ಲಾ ಕಲಸುಮೇಲೋಗರ, 'ದೇವದಾಸಿ' ಹೋಗಿ 'ದೇವದಾನಿ' ಆಗಿ ಬರುತ್ತಿತ್ತು. ಕೊನೆಗೆ ಪುಟಕ್ಕೆ 25 ರೂಪಾಯಿ ಹತ್ತಿರ ಕೊಟ್ಟು ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪ್ (ಡಿಟಿಪಿ) ಮಾಡಿಸಿದೆ. ಇನ್ನೊಂದು ಮಾತು: ಸಂಪುಟದ ಹಿಂದಿನ ಹೆಸರಿನ ಸೂಚಿ ನಂಬಿದರೆ ಅರ್ಧ ಮಾತ್ರ ಸಿಗುತ್ತದೆ. ಬೇರೆಯವರ ಪ್ರಶ್ನೆಯ ನಡುವೆ ಎದ್ದು ಕೇಳಿದ ಉಪಪ್ರಶ್ನೆಗಳಲ್ಲೇ ನಿಜವಾದ ಖಾರ ಇರೋದು. ಅವನ್ನು ಬೇಗ ಹುಡುಕೋಕೆ ನನ್ನದೊಂದು ದಾರಿ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. 1/8 ಡೆಮಿ (ಮಾಮೂಲಿ ಪುಸ್ತಕದ ಅಳತೆ), 240 ಪುಟ, 500 ಪ್ರತಿ, ಎಲ್ಲಾ ಸೇರಿ ಒಂದೂವರೆ ಲಕ್ಷದ ಆಸುಪಾಸು. ಒಬ್ಬ ದಾನಿ 50 ಸಾವಿರ ಒಪ್ಪಿದ್ದರು, ಒಳಪುಟದಲ್ಲಿ ಅವರ ಫೋಟೊ ಇಲ್ಲ ಅಂದ ಕೂಡಲೇ ಫೋನ್ ಎತ್ತೋದೇ ಬಿಟ್ಟರು. ಸ್ವಸಹಾಯ ಸಂಘದ ಹೆಂಗಸರು ನೂರು, ಇನ್ನೂರು ಅಂತ ಮುಂಗಡ ಕೊಟ್ಟು ಪ್ರತಿ ಕಾಯ್ದಿರಿಸಿದರು, ಅದರಿಂದಲೇ ಕಾಗದ ಬಂತು.

ಇಸವಿ ಪ್ರಕಾರ ಜೋಡಿಸಲಿಲ್ಲ, ವಿಷಯದ ಪ್ರಕಾರ ಜೋಡಿಸಿದೆ. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ 1982ರದ್ದು. ಸಮೀಕ್ಷೆ ನಡೆದದ್ದು 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ. ಆ ಪಟ್ಟಿಯಲ್ಲಿ ಬಿಟ್ಟುಹೋದವರಿಗೆ ಮಾಸಾಶನವೂ ಇರಲಿಲ್ಲ, ಮನೆಯೂ ಇರಲಿಲ್ಲ. ಅಕ್ಕನವರು ಅಧಿವೇಶನದಿಂದ ಅಧಿವೇಶನಕ್ಕೆ ಇದೊಂದನ್ನೇ ಬೇರೆ ಬೇರೆ ರೀತಿ ಕೇಳಿದ್ದಾರೆ. ಹೆಣ್ಣುಮಕ್ಕಳ ಆಸ್ತಿಯದು ಇನ್ನೊಂದು ಭಾಗ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕೇಂದ್ರ 2005ರಲ್ಲಿ ಮಾಡಿದ್ದನ್ನು, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ ನಮ್ಮ ರಾಜ್ಯ 1994ರಲ್ಲೇ ಮಾಡಿತ್ತು. ಆದರೆ ಊರಲ್ಲಿ ಆಗೋದೇನು? ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗೆ ಸಹಿ ಹಾಕಿದ ನಾಲ್ಕು ಜನರ ಮಾತನ್ನು ಆ ಪ್ರಶ್ನೆಗಳ ಕೆಳಗೇ ಅಚ್ಚು ಹಾಕಿದೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಪುಟಕ್ಕೊಂದು ಕ್ಯೂಆರ್ ಕೋಡ್, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಹೆಂಗಸರದೇ ದನಿ. ಚೆನ್ನಾಗಿತ್ತು, ಆದರೆ ಸಭಾಭವನದಲ್ಲಿ ನೆಟ್‌ವರ್ಕ್ ಇಲ್ಲ. ಆರೇಳು ಸಾವಿರ ಸುಮ್ನೆ ಹೋಯಿತು.

ಸಮಾರಂಭದಲ್ಲಿ ಹಾರ, ತುರಾಯಿ, ಪೇಟ ಒಂದೂ ಇಲ್ಲ. ಒಬ್ಬಾಕೆ ಅಕ್ಕನವರ ಪ್ರಶ್ನೆ ಓದುವುದು, ಇನ್ನೊಬ್ಬಾಕೆ ಮಂತ್ರಿಗಳ ಉತ್ತರ ಓದುವುದು. ಮೂರನೇ ಪ್ರಶ್ನೆಗೂ 'ಪರಿಶೀಲನೆಯಲ್ಲಿದೆ' ಅಂತ ಬಂದಾಗ ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಐದನೆಯದಕ್ಕೆ ಓದುವವಳು ಬಾಯಿ ತೆಗೆಯುವ ಮೊದಲೇ ಇಡೀ ಸಭೆ ಒಟ್ಟಿಗೆ 'ಪರಿಶೀಲನೆಯಲ್ಲಿದೆ!' ಅಂತ ಕೂಗಿತು. ಅಕ್ಕನವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಂಥ ಸಭೆ ನಮ್ಮ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿಲ್ಲ, ಬೇಕಾದರೆ ಕೇಳಿ ನೋಡಿ.

150 ರೂಪಾಯಿಯಂತೆ ಅವತ್ತೇ ಮುನ್ನೂರು ಚಿಲ್ಲರೆ ಪ್ರತಿ ಖರ್ಚಾದವು. ಉಳಿದದ್ದನ್ನು ಗ್ರಾಮ ಪಂಚಾಯಿತಿ ಸದಸ್ಯೆಯರು ಒಯ್ದರು. 2010ರಿಂದ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರದೇ ಅಲ್ವಾ, ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಹೇಗೆ ಕೇಳಬೇಕು ಅನ್ನೋದಕ್ಕೆ ಇದನ್ನೇ ಮಾದರಿ ಮಾಡಿಕೊಂಡಿದ್ದಾರೆ. ಅಗಲಿಸಿ ಇಟ್ಟುಕೊಂಡು ಓದಿ ಓದಿ ಗಮ್ ಬೈಂಡಿಂಗ್ ಬಿಟ್ಟು ಹಾಳೆಗಳೆಲ್ಲ ಕಳಚುತ್ತಿವೆಯಂತೆ. ಎರಡನೇ ಮುದ್ರಣಕ್ಕೆ ಹೊಲಿಗೆ ಬೈಂಡಿಂಗ್ ಹೇಳಿದ್ದೇನೆ, ಪ್ರತಿಗೆ ಹನ್ನೆರಡು ರೂಪಾಯಿ ಜಾಸ್ತಿ ಬೀಳುತ್ತದೆ.