ಹೊಳೆ ಬಂದು ಹೋದ ಮೇಲೆ ಮಕ್ಕಳಿಗೆ ಧೈರ್ಯ ತುಂಬುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಹರಿದವು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ಅಂಥದ್ದನ್ನು ಕಂಡ ಮಗು ಜೋರು ಮಳೆ ಬಂದರೆ ಸಾಕು, ಅಪ್ಪ-ಅವ್ವನ ಮುಖ ನೋಡುತ್ತದೆ. ಕ್ರೈಸ್ತ ಮನೆಗಳಲ್ಲಿ ನಾವು ಆಗ ತಕ್ಷಣ ಬೈಬಲ್ ವಚನ ಹೇಳಲು ಹೋಗುತ್ತೇವೆ. ಸ್ವಲ್ಪ ತಡೆಯಿರಿ.

ಮೊದಲು ಊಟ, ನಿದ್ದೆ. ಸಾವೇ ಬರಲಿ ಎಂದು ಮರದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ (1 ಅರಸುಗಳು 19). ಕಾಳಜಿ ಕೇಂದ್ರದಲ್ಲಿದ್ದರೂ ಊಟದ ಹೊತ್ತು, ಮಲಗುವ ಹೊತ್ತು ತಪ್ಪಿಸಬೇಡಿ.

ಆಮೇಲೆ ಅಳಲು ಬಿಡಿ. ‘ಅಳಬ್ಯಾಡ, ವಿಶ್ವಾಸ ಇಡು’ ಎಂದರೆ ಮಗು ಸುಮ್ನೆ ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತನಲ್ವಾ? ಬೈಬಲ್‌ನ 13ನೇ ಕೀರ್ತನೆ ಜೊತೆಯಲ್ಲಿ ಓದಿ. ‘ಇನ್ನೆಷ್ಟು ದಿನ ನನ್ನ ಮರೆತಿರ್ತೀ?’ ಎಂದು ದೇವರನ್ನೇ ಕೇಳುವ ಪ್ರಾರ್ಥನೆ ಅದು. ಮಗು ತನ್ನ ಮಾತಿನಲ್ಲೇ ಹಾಗೆ ಕೇಳಲಿ. ತೋಯ್ದು ಉಬ್ಬಿದ ಪಾಟೀಚೀಲ, ಕೊಚ್ಚಿಹೋದ ಆಡಿನ ಮರಿ, ಎಲ್ಲವೂ ಅದರಲ್ಲಿ ಬರಲಿ.

ಕಷ್ಟದ ಪ್ರಶ್ನೆ ಇನ್ನೊಂದಿದೆ: ‘ಅವ್ವಾ, ನಾವೇನು ತಪ್ಪು ಮಾಡೇವಿ?’ ಹುಟ್ಟು ಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದ್ದರು. ಇವನೂ ಪಾಪ ಮಾಡಿಲ್ಲ, ಇವನ ತಂದೆ-ತಾಯಿಯೂ ಮಾಡಿಲ್ಲ ಎಂದ ಯೇಸು (ಯೋಹಾನ 9). ಹಾಗಾಗಿ ನೇರವಾಗಿ ಹೇಳಿ: ‘ಇದು ಶಿಕ್ಷೆ ಅಲ್ಲ ಕಂದಾ. ಘಟ್ಟದಾಗ ಮಳಿ ಜಾಸ್ತಿ ಆತು, ಡ್ಯಾಮ್ ತುಂಬಿ ನೀರು ಬಿಟ್ರು, ಅದಕ್ಕ ಹೊಳಿ ಬಂತು.’ ಬೀಗರೋ ಸಭೆಯವರೋ ಮಗುವಿನ ಮುಂದೆ ಶಿಕ್ಷೆಯ ಮಾತು ತೆಗೆದರೆ ಅಲ್ಲೇ ತಡೆಯಿರಿ. ದಾಕ್ಷಿಣ್ಯ ಬೇಡ.

‘ಎಲ್ಲಾ ಒಳ್ಳೇದಕ್ಕೇ’ ಅಂತಲೂ ಅವಸರಪಡಬೇಡಿ. ಅಣ್ಣಂದಿರೇ ಗುಂಡಿಗೆ ಹಾಕಿದ ಯೋಸೇಫನ ಕಥೆ ಶುರುವಾಗುವಾಗ ಅವನಿಗೆ 17 ವರ್ಷ, ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30. ದೇವರು ಕೇಡನ್ನು ಒಳ್ಳೆಯದಕ್ಕೆ ತಿರುಗಿಸಿದ ಎಂಬ ಮಾತು ಅದಕ್ಕೂ ಎಷ್ಟೋ ವರ್ಷದ ನಂತರ ಬಂತು, ಅದೂ ಅವನ ಬಾಯಿಂದಲೇ. ಗುಂಡಿಯಲ್ಲಿದ್ದವನಿಗೆ ಯಾರೂ ಅದನ್ನು ಹೇಳಲಿಲ್ಲ.

ಮಗುವಿಗೊಂದು ಕೆಲಸ ಕೊಡಿ. ಪುಸ್ತಕ ಬಿಸಿಲಿಗೆ ಹಾಕುವುದು, ಪಕ್ಕದ ಮನೆ ಅಜ್ಜಿಗೆ ನೀರು ತಂದುಕೊಡುವುದು. ಸಂಡೇ ಸ್ಕೂಲ್, ರಾತ್ರಿಯ ಕುಟುಂಬ ಪ್ರಾರ್ಥನೆ ಮೊದಲಿನ ಹೊತ್ತಿಗೇ ನಡೆಯಲಿ.

ವಾರಗಟ್ಟಲೆ ನಿದ್ದೆಯಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಮಾತೇ ಬಿಟ್ಟಿದೆ ಎಂದರೆ ಡಾಕ್ಟರಿಗೆ ತೋರಿಸಿ. ಅದು ವಿಶ್ವಾಸದ ಕೊರತೆಯಲ್ಲ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ, ಹಗಲು-ರಾತ್ರಿ ಸಿಗುತ್ತವೆ.